ಓದುಗರ ಪ್ರಶ್ನೆಗಳು: ಉಸೇನ್ ಬೋಲ್ಟ್ ಓಟದ ಹಿಂದಿನ ವರ್ಷಗಳು

ಶಾಲಾ ಕ್ರೀಡಾಕೂಟಗಳ ಕಾಲ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಓಟದ ವಿಚಾರವೇ ಹೆಚ್ಚು. ಈ ಬಾರಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಬ್ಬರೇ ಓಟಗಾರರನ್ನು ಕುರಿತು ಇರುವುದರಿಂದ, ಇಡೀ ಅಂಕಣವನ್ನು ಜಮೈಕಾದ ಉಸೇನ್ ಬೋಲ್ಟ್ ಅವರಿಗೇ ಮೀಸಲಿಟ್ಟಿದ್ದೇವೆ. ಉದ್ದನೆಯ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ 100, 200, 400 ಮೀಟರ್ ಓಟಗಳಲ್ಲಿ ತಾಲ್ಲೂಕಿಗೇ ಮೊದಲಿಗ. ಕಳೆದ ವರ್ಷ ಜಿಲ್ಲಾ ಮಟ್ಟದಲ್ಲಿ ಓಡುವಾಗ ತೊಡೆಯ ಹಿಂಭಾಗ ಹಿಡಿದುಕೊಂಡು ಅರ್ಧದಲ್ಲೇ ನಿಂತುಬಿಟ್ಟ. ಈ ವರ್ಷವೂ ಮೂರಕ್ಕೂ ರಿಲೇಗೂ ಹೆಸರು ಕೊಡಲೇಬೇಕೆಂದು ಮನೆಯವರು ಹಟ ಹಿಡಿದಿದ್ದಾರೆ. "ಬೋಲ್ಟ್ ಹದಿನೈದಕ್ಕೇ ವಿಶ್ವ ಚಾಂಪಿಯನ್ ಆಗಲಿಲ್ಲವೇ?" ಎಂದು ಕೇಳುತ್ತಾರೆ. ಏನು ಉತ್ತರ ಕೊಡಲಿ?
— ದೈಹಿಕ ಶಿಕ್ಷಣ ಶಿಕ್ಷಕರು, ಚಳ್ಳಕೆರೆ ತಾಲ್ಲೂಕು

ಉತ್ತರ: ಮೇಷ್ಟ್ರೇ, ಮನೆಯವರು ಹೇಳುವುದು ನಿಜ. ಆದರೆ ಆ ಕಥೆಯ ಮುಂದಿನ ಆರು ವರ್ಷಗಳನ್ನು ಅವರಿಗೆ ಯಾರೂ ಹೇಳಿದಂತಿಲ್ಲ. ಅದನ್ನು ನೀವೇ ಕೂರಿಸಿಕೊಂಡು ಹೇಳಬೇಕು.

ಬೋಲ್ಟ್ ಹುಟ್ಟಿದ್ದು 1986ರ ಆಗಸ್ಟ್ 21ರಂದು, ಜಮೈಕಾದ ಟ್ರೆಲಾನಿ ಪ್ರಾಂತ್ಯದ ಶೆರ್‌ವುಡ್ ಕಂಟೆಂಟ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಊರಿನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದರು. ಹುಡುಗನಿಗೆ ಕ್ರಿಕೆಟ್ ಎಂದರೆ ಪ್ರಾಣ. ವಿಲಿಯಂ ನಿಬ್ ಪ್ರೌಢಶಾಲೆಯಲ್ಲಿ ವೇಗದ ಬೌಲಿಂಗ್ ಮಾಡಲು ಓಡಿ ಬರುವಾಗಿನ ವೇಗವನ್ನು ಕಂಡ ಕ್ರಿಕೆಟ್ ತರಬೇತುದಾರರೇ ಟ್ರ್ಯಾಕ್ ಕಡೆಗೆ ಹೋಗೆಂದು ಹೇಳಿದರು. 2002ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ಅವರದೇ ದೇಶದ ಕಿಂಗ್‌ಸ್ಟನ್‌ನಲ್ಲಿ ನಡೆಯಿತು. ತವರಿನ ಜನ ಕಿಕ್ಕಿರಿದಿದ್ದ ಆ ಕ್ರೀಡಾಂಗಣದಲ್ಲಿ ಹೆದರಿಕೆಯಿಂದ ಸ್ಪೈಕ್ ಶೂಗಳನ್ನೇ ಎಡಬಲ ಅದಲುಬದಲು ಹಾಕಿಕೊಂಡಿದ್ದಾಗಿ ಬೋಲ್ಟ್ ಆಮೇಲೆ ಹೇಳಿಕೊಂಡಿದ್ದಾರೆ. ತಮಗಿಂತ ಮೂರು ನಾಲ್ಕು ವರ್ಷ ದೊಡ್ಡವರ ನಡುವೆ 200 ಮೀಟರನ್ನು 20.61 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದಾಗ ಅವರಿಗೆ ಹದಿನಾರು ತುಂಬಿರಲಿಲ್ಲ. 2004ರ ಏಪ್ರಿಲ್‌ನಲ್ಲಿ ಬರ್ಮುಡಾದಲ್ಲಿ 19.93 ಸೆಕೆಂಡಿಗೆ ಓಡಿ, 20 ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ 200 ಮೀಟರ್ ಮುಗಿಸಿದ ಮೊದಲ ಜೂನಿಯರ್ ಓಟಗಾರರಾದರು. ಮನೆಯವರಿಗೆ ಗೊತ್ತಿರುವ ಭಾಗ ಇಲ್ಲಿಗೆ ಮುಗಿಯುತ್ತದೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್. ತೊಡೆಯ ಹಿಂಭಾಗದ ಸ್ನಾಯುವಿನ ನೋವನ್ನು ಹೊತ್ತುಕೊಂಡೇ ಬಂದಿದ್ದ ಬೋಲ್ಟ್ 200 ಮೀಟರ್‌ನ ಮೊದಲ ಸುತ್ತಿನಲ್ಲೇ 21.05 ಸೆಕೆಂಡಿಗೆ ಓಡಿ ಹೊರಬಿದ್ದರು. ಇದು ಅವರ ಆ ವರ್ಷದ ಅತ್ಯುತ್ತಮ ಸಮಯಕ್ಕಿಂತ ಒಂದು ಸೆಕೆಂಡಿಗೂ ಹೆಚ್ಚು ನಿಧಾನ. 2005ರ ಹೆಲ್ಸಿಂಕಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫೈನಲ್ ತಲುಪಿದರಾದರೂ ಅಲ್ಲಿ ಮತ್ತೆ ಸ್ನಾಯು ಎಳೆದು, ಕುಂಟುತ್ತಾ 26.27 ಸೆಕೆಂಡಿಗೆ ಎಲ್ಲರಿಗಿಂತ ಕೊನೆಯವರಾಗಿ ಗೆರೆ ದಾಟಿದರು. 2006ರಲ್ಲಿ ಗಾಯದಿಂದಾಗಿ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟ ತಪ್ಪಿತು. ಈ ಹುಡುಗನಿಗೆ ಶಿಸ್ತಿಲ್ಲ, ಮೋಜಿಗೆ ಬಿದ್ದಿದ್ದಾನೆ ಎಂಬ ಮಾತು ಜಮೈಕಾದಲ್ಲೇ ಹರಡಿತ್ತು. ಅಲ್ಲಿಗೆ ಅವರ ಓಟ ನಿಂತಿದ್ದರೆ, ಇಂದು ಅವರ ಹೆಸರು ಜೂನಿಯರ್ ದಾಖಲೆಗಳ ಪಟ್ಟಿಯಲ್ಲಷ್ಟೇ ಇರುತ್ತಿತ್ತು.

ಅಥೆನ್ಸ್‌ನ ನಂತರ ಗ್ಲೆನ್ ಮಿಲ್ಸ್ ಬೋಲ್ಟ್‌ಗೆ ಕೋಚ್ ಆದರು. ಬೋಲ್ಟ್ ಅವರ ಬೆನ್ನುಮೂಳೆ ಹುಟ್ಟಿನಿಂದಲೇ ಪಕ್ಕಕ್ಕೆ ಬಾಗಿದೆ. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬಲಗಾಲು ಎಡಗಾಲಿಗಿಂತ ಸುಮಾರು ಅರ್ಧ ಅಂಗುಲ ಗಿಡ್ಡ. ಪ್ರತಿ ಹೆಜ್ಜೆಗೂ ಸೊಂಟ ಒಂದು ಬದಿಗೆ ಹೆಚ್ಚು ವಾಲಿದರೆ ಅದರ ಎಳೆತವೆಲ್ಲ ತೊಡೆಯ ಹಿಂಭಾಗದ ಮೇಲೆ ಬೀಳುತ್ತದೆ. ಆದ್ದರಿಂದ ಮಿಲ್ಸ್ ಹೊಟ್ಟೆ, ಸೊಂಟ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ಕೆಲಸಕ್ಕೆ ಕೈಹಾಕಿದರು. ಜರ್ಮನಿಯ ವೈದ್ಯರೊಬ್ಬರ ಚಿಕಿತ್ಸೆಯೂ ನಡೆಯಿತು. ಓಡುವ ಭಂಗಿಯನ್ನೇ ತಿದ್ದಲಾಯಿತು. ಇದೆಲ್ಲಕ್ಕೂ ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ತೋರಿಸಿಕೊಳ್ಳಲು ಒಂದು ದೊಡ್ಡ ಚಿನ್ನವೂ ಇರಲಿಲ್ಲ.

ಇನ್ನೊಂದು ಪ್ರಸಂಗ ನಿಮ್ಮ ಹುಡುಗನ ಮಟ್ಟಿಗೆ ಬಹಳ ಮುಖ್ಯವೆಂದು ನನಗೆ ತೋರುತ್ತದೆ. ಬೋಲ್ಟ್‌ಗೆ 100 ಮೀಟರ್ ಓಡಬೇಕೆಂಬ ಆಸೆ, ಮಿಲ್ಸ್‌ಗೆ ಅವರಿಂದ 400 ಮೀಟರ್ ಓಡಿಸಬೇಕೆಂಬ ಆಸೆ. ಡಾನ್ ಕ್ವಾರಿ 1971ರಲ್ಲಿ ಸ್ಥಾಪಿಸಿದ್ದ 200 ಮೀಟರ್‌ನ ರಾಷ್ಟ್ರೀಯ ದಾಖಲೆ 19.86 ಸೆಕೆಂಡನ್ನು ಮುರಿದರೆ ಒಂದು ಸಲ 100 ಮೀಟರ್ ಓಡಲು ಬಿಡುವುದಾಗಿ ಮಿಲ್ಸ್ ಒಪ್ಪಿದರು. 2007ರಲ್ಲಿ ಬೋಲ್ಟ್ 19.75ಕ್ಕೆ ಓಡಿ ಆ ದಾಖಲೆಯನ್ನು ಮುರಿದರು, ಜುಲೈನಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಮೊದಲ 100 ಮೀಟರ್‌ಗೆ ಇಳಿದು 10.03 ಸೆಕೆಂಡಿಗೆ ಮುಗಿಸಿದರು. ಆಗ ಅವರಿಗೆ ಇಪ್ಪತ್ತು ವರ್ಷ. ಜಗತ್ತಿನ ಅತಿ ವೇಗದ ಮನುಷ್ಯನನ್ನು ಆ ವಯಸ್ಸಿನವರೆಗೂ 100 ಮೀಟರ್‌ಗೆ ಇಳಿಸದೆ ಕಾಯ್ದ ಕೋಚ್ ಒಬ್ಬರಿದ್ದರು ಎಂಬುದನ್ನು ಮನೆಯವರಿಗೆ ಹೇಳಿ. ಹಾಗೆ ಕಾಯ್ದ ಮರುವರ್ಷವೇ, 2008ರ ಮೇ 31ರಂದು ನ್ಯೂಯಾರ್ಕ್‌ನಲ್ಲಿ 9.72ರ ವಿಶ್ವ ದಾಖಲೆ ಬಂತು.

ಇನ್ನು ಹುಡುಗನ ವಿಚಾರ. ಒಮ್ಮೆ ಹಿಡಿದುಕೊಂಡ ಸ್ನಾಯು ಪೂರ್ತಿ ಬಲ ಬರುವ ಮೊದಲು ಓಡಿದರೆ ಅದೇ ಜಾಗದಲ್ಲಿ ಮತ್ತೆ ಹರಿಯುವ ಸಂಭವ ಹೆಚ್ಚು. ನಾಲ್ಕು ಸ್ಪರ್ಧೆ ಎಂದರೆ ಹೀಟ್ಸ್, ಸೆಮಿಫೈನಲ್, ಫೈನಲ್ ಸೇರಿ ಎರಡು ದಿನಗಳಲ್ಲಿ ಎಷ್ಟು ಸಲ ಪೂರ್ಣ ವೇಗದಲ್ಲಿ ಓಡಬೇಕಾಗುತ್ತದೆಂದು ನಿಮಗೇ ಗೊತ್ತು. ಮೂಳೆ ಮತ್ತು ಸ್ನಾಯು ನೋಡುವ ವೈದ್ಯರಿಗೆ ಅಥವಾ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಅವರು ಒಪ್ಪಿದರೆ ಒಂದು ಸ್ಪರ್ಧೆ ಮತ್ತು ರಿಲೇ ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತಾಲ್ಲೂಕಿನ ಎರಡು ಪ್ರಮಾಣಪತ್ರ ಕಡಿಮೆಯಾದರೆ ಅವನ ಬದುಕಿಗೆ ನಷ್ಟವಾಗದು.

ಪ್ರಶ್ನೆ: ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಕಾಲೇಜು ಕ್ರೀಡಾಕೂಟದಲ್ಲಿ 100 ಮೀಟರನ್ನು ಸ್ಟಾಪ್‌ವಾಚ್‌ನಲ್ಲಿ 11.1 ಸೆಕೆಂಡಿಗೆ ಓಡಿದ. ಬೋಲ್ಟ್ ದಾಖಲೆ 9.58. ಅಂತರ ಕೇವಲ ಒಂದೂವರೆ ಸೆಕೆಂಡು. ಸರಿಯಾದ ತರಬೇತಿ ಸಿಕ್ಕರೆ ಅಂತರರಾಷ್ಟ್ರೀಯ ಮಟ್ಟಕ್ಕೆ ಏರಬಹುದಲ್ಲವೇ?
— ಓಟಗಾರನ ತಂದೆ, ಚಿತ್ರದುರ್ಗ

ಉತ್ತರ: ಮಗನ ಓಟವನ್ನು ಇಷ್ಟು ಅಕ್ಕರೆಯಿಂದ ಗಮನಿಸುವ ತಂದೆ ಇರುವುದೇ ಅವನಿಗೆ ದೊಡ್ಡ ಬಲ. ಆದರೂ ಆ 11.1 ಎಂಬ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಬೋಲ್ಟ್ ಓಡುವ ಕೂಟಗಳಲ್ಲಿ ಪಿಸ್ತೂಲಿನ ಸದ್ದಿನೊಂದಿಗೇ ಗಡಿಯಾರ ತಾನಾಗಿ ಶುರುವಾಗುತ್ತದೆ. ಎದೆ ಗೆರೆ ತಲುಪಿದ ಗಳಿಗೆಯನ್ನು ಫೋಟೊ ಫಿನಿಷ್ ಕ್ಯಾಮೆರಾ ಹಿಡಿಯುತ್ತದೆ. ನಮ್ಮಲ್ಲಿ ಗೆರೆಯ ಬಳಿ ನಿಂತವರ ಹೆಬ್ಬೆರಳೇ ಗಡಿಯಾರವನ್ನು ಶುರು ಮಾಡುವುದು. ಕಣ್ಣು ಕಂಡದ್ದಕ್ಕೆ ಬೆರಳು ಒತ್ತುವಷ್ಟರಲ್ಲಿ ತಡವಾಗುತ್ತದೆ. ಆದ್ದರಿಂದ ಕೈಯಿಂದ ಒತ್ತಿದ ಗಡಿಯಾರದ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವ ರೂಢಿಯಿದೆ. ಅಲ್ಲಿಗೆ 11.1 ಎಂಬುದು 11.34 ಆಯಿತು. ಇದು ಪಿಸ್ತೂಲಿನ ಹೊಗೆ ಅಥವಾ ಮಿಂಚನ್ನು ನೋಡಿ ಒತ್ತಿದಾಗಿನ ಲೆಕ್ಕ. ಗ್ರಾಮೀಣ ಕೂಟಗಳಲ್ಲಿ ಕ್ಲ್ಯಾಪರ್ ಬಳಸುತ್ತಾರೆ. ಎರಡು ಹಲಗೆಗಳು ಕೂಡುವುದನ್ನು ಕಣ್ಣಿನಿಂದ ನೋಡಿ ಗುಂಡಿ ಒತ್ತಬೇಕು, ಸದ್ದು ಕೇಳಿ ಒತ್ತಬಾರದು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ 100 ಮೀಟರ್ ದೂರದ ಕಿವಿಯನ್ನು ತಲುಪಲು 0.29 ಸೆಕೆಂಡು ಬೇಕು. ಸದ್ದಿಗೆ ಒತ್ತಿದ ಗಡಿಯಾರವಾದರೆ ನಿಮ್ಮ ಮಗನ ನಿಜವಾದ ಸಮಯ 11.6ರ ಆಸುಪಾಸಿನಲ್ಲಿದೆ. ಸೀಟಿ ಊದಿ ಓಡಿಸಿದ್ದರೆ ನೋಡಲು ಏನೂ ಇರುವುದಿಲ್ಲ, ಆ ಸಮಯವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಸುಣ್ಣದ ಗೆರೆ ಎಳೆದ ಮೈದಾನದಲ್ಲಿ ದೂರವನ್ನು ಟೇಪ್ ಹಿಡಿದು ಅಳೆದರೇ ಎಂಬುದನ್ನೂ ಕೇಳಿ. ಒಂದು ಮೀಟರ್ ಕಡಿಮೆಯಿದ್ದರೆ ಸುಮಾರು 0.1 ಸೆಕೆಂಡು ಉಳಿಯುತ್ತದೆ.

ನಿಮ್ಮೂರಿನಲ್ಲಿ ಗಾಳಿಯ ಪ್ರಶ್ನೆಯೂ ಇದೆ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢ, ಶ್ರಾವಣದ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ಓಡಿದರೆ ಸಮಯ ಉತ್ತಮಗೊಳ್ಳುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬೆನ್ನ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ ಆ ಓಟ ದಾಖಲೆಗೆ ಅರ್ಹವಲ್ಲ. 2008ರಲ್ಲಿ ಅಮೆರಿಕದ ಟೈಸನ್ ಗೇ 9.68ಕ್ಕೆ ಓಡಿದ್ದರು, ಆದರೆ ಬೆನ್ನ ಗಾಳಿ 4.1 ಮೀಟರ್ ಇದ್ದುದರಿಂದ ಅದು ದಾಖಲೆಯಾಗಲಿಲ್ಲ. ಅದೇ ವರ್ಷ ಬೀಜಿಂಗ್‌ನಲ್ಲಿ ಬೋಲ್ಟ್ ಓಡಿದ 9.69 ವಿಶ್ವ ದಾಖಲೆಯಾಯಿತು. ಆಗ ಮಾಪಕ ತೋರಿಸಿದ್ದು 0.0. ನಾಲ್ಕು ದಿನಗಳ ನಂತರದ 200 ಮೀಟರ್‌ನಲ್ಲಿ ಅವರು ಸೆಕೆಂಡಿಗೆ 0.9 ಮೀಟರಿನ ಎದುರುಗಾಳಿಯಲ್ಲಿ 19.30ಕ್ಕೆ ಓಡಿ, ಮೈಕಲ್ ಜಾನ್ಸನ್ ಅವರ 12 ವರ್ಷ ಹಳೆಯ 19.32ರ ದಾಖಲೆಯನ್ನು ಮುರಿದರು. ಅವರ ಎಲ್ಲ ಓಟಗಳಲ್ಲಿ ನನಗೆ ಅತ್ಯಂತ ಅಚ್ಚರಿಯೆನಿಸುವುದು ಇದೇ.

ಇನ್ನು ಅಂತರ. 11.34 ಸೆಕೆಂಡಿಗೆ ಓಡುವವರು, ಬರ್ಲಿನ್‌ನಲ್ಲಿ 9.58ಕ್ಕೆ ಓಡಿದ ಬೋಲ್ಟ್ ಗೆರೆ ದಾಟುವಾಗ ಸುಮಾರು ಹದಿನಾರು ಮೀಟರ್ ಹಿಂದೆ ಇರುತ್ತಾರೆ. 2025ರ ಜುಲೈನಲ್ಲಿ ಗ್ರೀಸ್‌ನಲ್ಲಿ 10.18ಕ್ಕೆ ಓಡಿ ಭಾರತದ ದಾಖಲೆ ಬರೆದ ಅನಿಮೇಶ್ ಕುಜೂರ್ ಅವರೂ ಆರೂವರೆ ಮೀಟರಿನಷ್ಟು ಹಿಂದೆ ಇರುತ್ತಿದ್ದರು. ಹಾಗೆಂದು ಪಿಯುಸಿ ಹುಡುಗನ 11.34 ಕಡಿಮೆಯದಲ್ಲ, ಮಣ್ಣಿನ ಮೈದಾನದಲ್ಲಿ ಓಡಿದ್ದರೆ ಇನ್ನೂ ಮೆಚ್ಚಬೇಕಾದದ್ದು. ಎಲೆಕ್ಟ್ರಾನಿಕ್ ಗಡಿಯಾರ ಇರುವ ರಾಜ್ಯ ಮಟ್ಟದ ಕೂಟವೊಂದರಲ್ಲಿ ಓಡಿಸಿ, ಅಲ್ಲಿ ಬಂದ ಅಂಕಿಯಿಂದ ಲೆಕ್ಕ ಶುರು ಮಾಡಿ.

ಪ್ರಶ್ನೆ: ನನ್ನ ಎತ್ತರ ಐದು ಅಡಿ. ಬೋಲ್ಟ್ ಆರೂವರೆ ಅಡಿ ಇರುವುದರಿಂದಲೇ ಗೆದ್ದರು, ಗಿಡ್ಡ ಇದ್ದವರು ಓಟದಲ್ಲಿ ಮೇಲೆ ಬರುವುದಿಲ್ಲ ಎಂದು ಗೆಳತಿಯರು ಹೇಳುತ್ತಾರೆ. ನಿಜವೇ?
— ಪ್ರೌಢಶಾಲಾ ವಿದ್ಯಾರ್ಥಿನಿ, ಹೊಳಲ್ಕೆರೆ

ಉತ್ತರ: ನಿಜವಲ್ಲ, ಮಗು. ಬೋಲ್ಟ್ ಅವರ ಎತ್ತರ 1.95 ಮೀಟರ್, ಅಂದರೆ ಸುಮಾರು ಆರು ಅಡಿ ಐದು ಅಂಗುಲ. ಅವರು 100 ಮೀಟರ್‌ಗೆ ಬರುವವರೆಗೂ ಆ ಎತ್ತರವನ್ನು ದೋಷವೆಂದೇ ಎಣಿಸುತ್ತಿದ್ದರು. ಉದ್ದ ಕಾಲುಗಳನ್ನು ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ಮಡಚಿ ಕೂರುವುದು ಕಷ್ಟ, ಅಲ್ಲಿಂದ ಚಿಮ್ಮಿ ನೆಟ್ಟಗಾಗಲು ಹೊತ್ತು ಬೇಕು.

2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಅವರು ಓಡಿದ 9.58 ಸೆಕೆಂಡನ್ನು ಇಪ್ಪತ್ತಿಪ್ಪತ್ತು ಮೀಟರಿಗೆ ಕತ್ತರಿಸಿ ನೋಡು. ಮೊದಲ 20 ಮೀಟರಿಗೆ 2.89 ಸೆಕೆಂಡು, ಮುಂದಿನ ಇಪ್ಪತ್ತಕ್ಕೆ 1.75, ಆಮೇಲೆ 1.67, ಆಮೇಲೆ 1.61, ಕೊನೆಯ ಇಪ್ಪತ್ತಕ್ಕೆ 1.66. ಅವರ ವೇಗ ಗಂಟೆಗೆ ಸುಮಾರು 44.7 ಕಿಲೋಮೀಟರ್ ಮುಟ್ಟಿದ್ದು 60ರಿಂದ 80 ಮೀಟರ್ ನಡುವೆ. ಅಲ್ಲಿಂದ ಅವರೂ ನಿಧಾನವಾದರು. ಕೊನೆಯಲ್ಲಿ ಬೋಲ್ಟ್ ಇನ್ನೂ ವೇಗ ಹೆಚ್ಚಿಸಿಕೊಂಡಂತೆ ಟೀವಿಯಲ್ಲಿ ಕಾಣುವುದು, ಪಕ್ಕದ ಓಟಗಾರರು ಅವರಿಗಿಂತ ಬೇಗ ದಣಿದು ಹಿಂದೆ ಬೀಳುವುದರಿಂದ. ನೂರು ಮೀಟರಿಗೆ ಅವರು ಇಟ್ಟದ್ದು ಸುಮಾರು 41 ಹೆಜ್ಜೆ. ಎತ್ತರದ ಲಾಭ ಸಿಕ್ಕಿದ್ದು ಇಲ್ಲಿ. ಅಷ್ಟು ಉದ್ದದ ಹೆಜ್ಜೆಯನ್ನು ಗಿಡ್ಡ ಓಟಗಾರರಷ್ಟೇ ಚುರುಕಾಗಿ ಎತ್ತಿಡುವಂತೆ ಆದದ್ದು ಹಲವು ವರ್ಷಗಳ ಅಭ್ಯಾಸದಿಂದ.

ಈಗ ನಿನ್ನ ಎತ್ತರದ ಮಾತು. ಅದೇ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 100 ಮೀಟರ್ ಚಿನ್ನವನ್ನು 10.78 ಸೆಕೆಂಡಿಗೆ ಗೆದ್ದ ಜಮೈಕಾದ ಶೆಲ್ಲಿ-ಆ್ಯನ್ ಫ್ರೇಸರ್ ಅವರ ಎತ್ತರ 1.52 ಮೀಟರ್. ಹೆಚ್ಚುಕಡಿಮೆ ನಿನ್ನಷ್ಟೇ. 2012ರಲ್ಲಿ ಮತ್ತೆ ಗೆದ್ದರು. 2017ರಲ್ಲಿ ಮಗನಿಗೆ ಜನ್ಮ ಕೊಟ್ಟು, 2019ರಲ್ಲೂ 2022ರಲ್ಲೂ ವಿಶ್ವ ಚಾಂಪಿಯನ್ ಆದರು. ಗೆಳತಿಯರಿಗೆ ಈ ಹೆಸರು ಹೇಳು.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕೆಲವು ಪುಸ್ತಕಗಳಲ್ಲಿ ಬೋಲ್ಟ್ ಅವರ ಒಲಿಂಪಿಕ್ ಚಿನ್ನ ಒಂಬತ್ತು ಎಂದಿದೆ, ಕೆಲವದರಲ್ಲಿ ಎಂಟು. ಯಾವುದು ಸರಿ?
— ಪರೀಕ್ಷಾರ್ಥಿ, ದಾವಣಗೆರೆ

ಉತ್ತರ: ಎಂಟು. 2008ರ ಬೀಜಿಂಗ್, 2012ರ ಲಂಡನ್, 2016ರ ರಿಯೊ, ಈ ಮೂರೂ ಒಲಿಂಪಿಕ್ಸ್‌ಗಳಲ್ಲಿ 100 ಮೀಟರ್, 200 ಮೀಟರ್ ಮತ್ತು 4x100 ಮೀಟರ್ ರಿಲೇ ಗೆದ್ದುದರಿಂದ ಲೆಕ್ಕ ಒಂಬತ್ತಾಗಿತ್ತು. ಬೀಜಿಂಗ್ ರಿಲೇಯಲ್ಲಿ ಮೊದಲ ಓಟಗಾರರಾಗಿದ್ದ ನೆಸ್ಟಾ ಕಾರ್ಟರ್ ಅವರ ಮಾದರಿಯನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಮೀಥೈಲ್‌ಹೆಕ್ಸಾನಮೈನ್ ಎಂಬ ನಿಷೇಧಿತ ಉತ್ತೇಜಕ ಕಂಡುಬಂತು. 2017ರ ಜನವರಿಯಲ್ಲಿ ಇಡೀ ತಂಡದ ಚಿನ್ನವನ್ನು ರದ್ದುಪಡಿಸಲಾಯಿತು, 2018ರಲ್ಲಿ ಕ್ರೀಡಾ ನ್ಯಾಯಮಂಡಳಿ ಕಾರ್ಟರ್ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ರಿಯೊದ ನಂತರ, 2017ಕ್ಕೆ ಮೊದಲು ಅಚ್ಚಾದ ಪುಸ್ತಕವಾದರೆ ಒಂಬತ್ತು ಎಂದೇ ಇರುತ್ತದೆ. ಮುದ್ರಣದ ವರ್ಷ ನೋಡಿ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಫೈನಲ್ ಓಡಿದ ನಾಲ್ವರಲ್ಲಿ ಮೂವರು ಯಾವ ತಪ್ಪನ್ನೂ ಮಾಡಿರಲಿಲ್ಲ ಎಂಬುದನ್ನು ನೆನೆದಾಗ ಈಗಲೂ ಬೇಸರವಾಗುತ್ತದೆ. ಆದರೂ ನಿಯಮ ಸರಿಯೆಂದೇ ನನ್ನ ನಂಬಿಕೆ. ರಿಲೇಯಲ್ಲಿ ಬೇಟನ್ ಒಂದೇ, ಫಲಿತಾಂಶವೂ ಒಂದೇ. ಎರಡನೆಯ ಸ್ಥಾನದಲ್ಲಿದ್ದ ಟ್ರಿನಿಡಾಡ್ ಮತ್ತು ಟೊಬ್ಯಾಗೊ ತಂಡದ ಹುಡುಗರಿಗೂ ನ್ಯಾಯ ಸಲ್ಲಬೇಕಿತ್ತು.

ಪ್ರಶ್ನೆ: ನಮ್ಮ ಕಂಬಳದ ಶ್ರೀನಿವಾಸ ಗೌಡರು ಬೋಲ್ಟ್‌ಗಿಂತ ವೇಗವಾಗಿ ಓಡಿದರು ಎಂಬುದು ಸತ್ಯವೇ?
— ರೈತರು, ಹೊನ್ನಾಳಿ

ಉತ್ತರ: 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಮೂಡಬಿದಿರೆ ಕಡೆಯ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಇದನ್ನು ಅನುಪಾತದ ಲೆಕ್ಕದಲ್ಲಿ ನೂರು ಮೀಟರಿಗೆ ಇಳಿಸಿದಾಗ 9.55 ಸೆಕೆಂಡು ಬಂದದ್ದೇ ಸುದ್ದಿಗೆ ಮೂಲ.

ಅನುಪಾತದ ಲೆಕ್ಕ ಓಟಕ್ಕೆ ಹೊಂದುವುದಿಲ್ಲ, ಏಕೆಂದರೆ ನಿಂತಲ್ಲಿಂದ ವೇಗ ಪಡೆಯುವ ಮೊದಲ ಕೆಲವು ಸೆಕೆಂಡುಗಳ ನಷ್ಟ ಓಟ ಉದ್ದವಾದಂತೆ ಹಂಚಿಹೋಗುತ್ತದೆ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ರಸ್ತೆಯ ಮೇಲೆ ಹಾಸಿದ್ದ ಟ್ರ್ಯಾಕ್‌ನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿಗೆ ಓಡಿದರು. ಅದರ ಕೊನೆಯ ನೂರು ಮೀಟರಿಗೆ ಅವರು ತೆಗೆದುಕೊಂಡದ್ದು 8.70 ಸೆಕೆಂಡು! ಇದನ್ನೂ ಯಾರೂ ನೂರು ಮೀಟರ್ ದಾಖಲೆ ಎನ್ನುವುದಿಲ್ಲ. ಇನ್ನು ಕಂಬಳದಲ್ಲಿ ಓಟಗಾರನನ್ನು ಕೋಣಗಳ ವೇಗ ಮುಂದಕ್ಕೆ ಸೆಳೆಯುತ್ತದೆ, ಕಾಲ ಕೆಳಗಿನ ಕೆಸರು ಹಿಂದಕ್ಕೆ ಹಿಡಿಯುತ್ತದೆ. ಎರಡನ್ನೂ ಸಂಭಾಳಿಸಿಕೊಂಡು ಅಷ್ಟು ದೂರ ಬೀಳದೆ ಓಡುವುದು ಅದರದೇ ಆದ ವಿದ್ಯೆ, ಬೋಲ್ಟ್ ಅವರಿಗೆ ಅದು ಬಾರದು. ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆದಾಗ ಗೌಡರೇ ವಿನಯದಿಂದ ಒಲ್ಲೆನೆಂದು ಕಂಬಳದಲ್ಲೇ ಉಳಿದರು. ಆ ನಿರ್ಧಾರದ ಬಗ್ಗೆ ನನಗೆ ಬಹಳ ಗೌರವವಿದೆ.

ಪ್ರಶ್ನೆ: ಬೋಲ್ಟ್ ಏನು ತಿನ್ನುತ್ತಿದ್ದರು? ಅವರು ಎಂದಾದರೂ ಕರ್ನಾಟಕಕ್ಕೆ ಬಂದಿದ್ದರೇ?
— ಓದುಗರು, ಜಗಳೂರು

ಉತ್ತರ: ಅವರ ಟ್ರೆಲಾನಿ ಪ್ರಾಂತ್ಯ ಯಾಮ್ ಎಂಬ ಗೆಡ್ಡೆಗೆ ಹೆಸರುವಾಸಿ, ಮಗನ ವೇಗಕ್ಕೆ ಅದೇ ಕಾರಣವೆಂದು ಅವರ ತಂದೆ ಹೇಳಿದ್ದುಂಟು. ಬೀಜಿಂಗ್‌ನಲ್ಲಿ ಅಲ್ಲಿನ ಊಟ ಹಿಡಿಸದೆ ದಿನವೂ ಚಿಕನ್ ನಗೆಟ್ಸ್ ತಿಂದೇ ಕಾಲ ಕಳೆದದ್ದಾಗಿ ಬೋಲ್ಟ್ ಹೇಳಿಕೊಂಡಿದ್ದಾರೆ. ಇದನ್ನು ಯಾರೂ ಅನುಕರಿಸಬೇಕಿಲ್ಲ. ಕರ್ನಾಟಕಕ್ಕೆ ಬಂದಿದ್ದರು: 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಯುವರಾಜ್ ಸಿಂಗ್ ತಂಡದ ವಿರುದ್ಧ ಪ್ರದರ್ಶನ ಕ್ರಿಕೆಟ್ ಪಂದ್ಯ ಆಡಿದರು.

ಪ್ರಶ್ನೆ: ಜಮೈಕಾದಂಥ ಪುಟ್ಟ ದೇಶಕ್ಕೆ ಇದು ಹೇಗೆ ಸಾಧ್ಯವಾಯಿತು? ನಮ್ಮಲ್ಲಿ ಏಕೆ ಆಗುವುದಿಲ್ಲ?
— ನಿವೃತ್ತ ಶಿಕ್ಷಕರು, ಹರಿಹರ

ಉತ್ತರ: ಸರ್, ಆ ದೇಶ ಎಷ್ಟು ಪುಟ್ಟದೆಂದರೆ, ಜನಸಂಖ್ಯೆ ಸುಮಾರು 28 ಲಕ್ಷ, 2011ರ ಜನಗಣತಿಯಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಜನರೇ ಒಟ್ಟು 36 ಲಕ್ಷ ಇದ್ದರು. ವಿಸ್ತೀರ್ಣ ಸುಮಾರು 11 ಸಾವಿರ ಚದರ ಕಿಲೋಮೀಟರ್, ಚಿತ್ರದುರ್ಗ ಜಿಲ್ಲೆಯ ಸುಮಾರು 1.3 ಪಟ್ಟು.

ರಕ್ತದ ಗುಣ, ವಂಶದ ಗುಣ ಎಂದು ಹಲವರು ವಾದಿಸುತ್ತಾರೆ. ನನಗೆ ಹೆಚ್ಚು ಮನವರಿಕೆಯಾಗುವುದು ಅವರ ಶಾಲಾ ಕ್ರೀಡಾಕೂಟ. 'ಚಾಂಪ್ಸ್' ಎಂದು ಕರೆಯುವ ಪ್ರೌಢಶಾಲೆಗಳ ಅಥ್ಲೆಟಿಕ್ ಕೂಟ 1910ರಿಂದ ನಡೆದುಬಂದಿದೆ. ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣ ತುಂಬುತ್ತದೆ, ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಬಣ್ಣ ತೊಟ್ಟು ಬರುತ್ತಾರೆ, ಟೀವಿಯಲ್ಲಿ ಇಡೀ ದೇಶ ನೋಡುತ್ತದೆ. ಬೋಲ್ಟ್ 2003ರ ಚಾಂಪ್ಸ್‌ನಲ್ಲಿ 200 ಮೀಟರನ್ನು 20.25ಕ್ಕೆ, 400 ಮೀಟರನ್ನು 45.35ಕ್ಕೆ ಓಡಿದಾಗ ಅವರು ಶಾಲಾ ಹುಡುಗ. ತರಬೇತುದಾರರನ್ನು ತಯಾರು ಮಾಡಲು ಜಿ.ಸಿ. ಫಾಸ್ಟರ್ ಕಾಲೇಜು 1980ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿಕೊಟ್ಟದ್ದು ಕ್ಯೂಬಾ. ಅಲ್ಲಿ ಕಲಿತವರು ಹಳ್ಳಿ ಶಾಲೆಗಳಿಗೂ ಹೋಗುವುದರಿಂದ, ಒಂದು ಮಗುವಿನ ವೇಗವನ್ನು ಗುರುತಿಸಬಲ್ಲ ಕಣ್ಣು ಊರೂರಿನಲ್ಲೂ ಇದೆ. ಹಿಂದೆ ಅಮೆರಿಕದ ವಿಶ್ವವಿದ್ಯಾಲಯಗಳು ಈ ಮಕ್ಕಳನ್ನು ಕರೆದೊಯ್ಯುತ್ತಿದ್ದವು; ಬೋಲ್ಟ್ ಅಂಥ ಆಹ್ವಾನಗಳನ್ನು ಬಿಟ್ಟು ದೇಶದಲ್ಲೇ ಉಳಿದರು. ಅವರ ಕಾಲದ ಹಲವು ಜಮೈಕಾ ಓಟಗಾರರು ಪಳಗಿದ್ದು ಹುಲ್ಲಿನ ಟ್ರ್ಯಾಕ್‌ಗಳ ಮೇಲೆ.

ನಮ್ಮಲ್ಲೂ ಶಾಲಾ ಕೂಟವಿದೆ, ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳೂ ಇವೆ. ಆದರೆ ನೋಡಲು ಬರುವವರು ಯಾರು? ದಾವಣಗೆರೆಯಲ್ಲಿ ಕುಸ್ತಿ ನಡೆದರೆ ಅಖಾಡದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಕುಸ್ತಿಗೆ ಬರುವ ಜನ ಮಕ್ಕಳ ಓಟಕ್ಕೂ ಬಂದರೆ, ಪ್ರತಿ ಪ್ರೌಢಶಾಲೆಗೂ ಒಬ್ಬ ದೈಹಿಕ ಶಿಕ್ಷಕರಿದ್ದರೆ, ಟ್ರ್ಯಾಕ್ ಮಣ್ಣಿನದಾಗಿದ್ದರೂ ಬಹಳಷ್ಟು ಬದಲಾಗುತ್ತದೆ. ತಮ್ಮಂಥ ಹಿರಿಯರು ಹರಿಹರದ ಮುಂದಿನ ತಾಲ್ಲೂಕು ಕೂಟಕ್ಕೆ ಹೋಗಿ ಕುಳಿತರೆ ಮಕ್ಕಳಿಗೆ ಎಷ್ಟೋ ಹುರುಪು ಬರುತ್ತದೆ.

ಪ್ರಶ್ನೆ: 2011ರಲ್ಲಿ ಬೋಲ್ಟ್ ಅವರನ್ನು ಓಡಲು ಬಿಡದೆ ಹೊರಗೆ ಕಳಿಸಿದ್ದು ಅನ್ಯಾಯವಲ್ಲವೇ? ಒಂದು ಎಚ್ಚರಿಕೆ ಕೊಡಬಹುದಿತ್ತು.
— ವ್ಯಾಪಾರಿ, ಹಿರಿಯೂರು

ಉತ್ತರ: ದಕ್ಷಿಣ ಕೊರಿಯಾದ ದೇಗು ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ ಅವರು ಪಿಸ್ತೂಲಿಗೆ ಮೊದಲೇ ಹೊರಟರು. 2010ಕ್ಕೆ ಮೊದಲಾಗಿದ್ದರೆ ಮೊದಲ ಫಾಲ್ಸ್ ಸ್ಟಾರ್ಟ್‌ಗೆ ಎಲ್ಲರಿಗೂ ಸೇರಿ ಒಂದು ಎಚ್ಚರಿಕೆ ಸಿಗುತ್ತಿತ್ತು. ಆ ಸಡಿಲಿಕೆಯನ್ನು ಕೆಲವರು ಬೇಕೆಂದೇ ಬಳಸಿ ಎದುರಾಳಿಗಳ ಏಕಾಗ್ರತೆ ಕೆಡಿಸುತ್ತಿದ್ದುದರಿಂದ ನಿಯಮ ಬಿಗಿಯಾಯಿತು. ಸದ್ದಾದ ಮೇಲೂ 0.1 ಸೆಕೆಂಡಿನೊಳಗೆ ಕದಲಿದರೆ ಅದು ತಪ್ಪೇ, ಏಕೆಂದರೆ ಅಷ್ಟು ಬೇಗ ಸದ್ದು ಕೇಳಿ ಹೊರಡುವುದು ಮನುಷ್ಯರಿಗೆ ಆಗದ ಮಾತೆಂದು ನಿಯಮದ ಗ್ರಹಿಕೆ. ಬರ್ಲಿನ್ ದಾಖಲೆಯ ದಿನ ಬೋಲ್ಟ್ ತೆಗೆದುಕೊಂಡದ್ದು 0.146 ಸೆಕೆಂಡು. ಎಂಟು ಮಂದಿಗೂ ಒಂದೇ ನಿಯಮ ಇದ್ದ ಮೇಲೆ ಅನ್ಯಾಯ ಎನ್ನಲಾಗದು. ಆ ಓಟವನ್ನು ಅವರದೇ ತಂಡದ, ಮಿಲ್ಸ್ ಅವರದೇ ಶಿಷ್ಯ ಯೋಹಾನ್ ಬ್ಲೇಕ್ 9.92ಕ್ಕೆ ಗೆದ್ದರು. ಮರುವರ್ಷ ಜಮೈಕಾದ ಆಯ್ಕೆ ಕೂಟದಲ್ಲಿ ಬ್ಲೇಕ್ ಎರಡೂ ಓಟಗಳಲ್ಲಿ ಬೋಲ್ಟ್ ಅವರನ್ನು ಸೋಲಿಸಿದರು. ಬೋಲ್ಟ್ ಯುಗ ಮುಗಿಯಿತೆಂದು ಬರೆದವರಿಗೆ ಲಂಡನ್‌ನ 9.63ರ ಒಲಿಂಪಿಕ್ ದಾಖಲೆ ಉತ್ತರವಾಯಿತು.

ಪ್ರಶ್ನೆ: ರಿಯೊದಲ್ಲೇ ನಿವೃತ್ತರಾಗಿದ್ದರೆ ಚೆನ್ನಾಗಿತ್ತು. ಕೊನೆಯ ಓಟದಲ್ಲಿ ಅವರು ಬಿದ್ದದ್ದನ್ನು ನೋಡಲಾಗಲಿಲ್ಲ. ಅವರ ನಂತರ ಜಮೈಕಾದಲ್ಲಿ ಯಾರಿದ್ದಾರೆ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್‌ನಲ್ಲಿ ಜಸ್ಟಿನ್ ಗ್ಯಾಟ್ಲಿನ್ 9.92, ಕ್ರಿಶ್ಚಿಯನ್ ಕೋಲ್ಮನ್ 9.94, ಬೋಲ್ಟ್ 9.95. ಒಂದು ವಾರದ ನಂತರ ರಿಲೇಯ ಕೊನೆಯ ಓಟಗಾರರಾಗಿ ಬೇಟನ್ ಪಡೆದು ಓಡುವಾಗ ತೊಡೆಯ ಹಿಂಭಾಗದ ಸ್ನಾಯು ಹಿಡಿದು ಟ್ರ್ಯಾಕ್ ಮೇಲೆ ಕುಸಿದರು. ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ನಿಮ್ಮ ಮಾತನ್ನು ಒಪ್ಪಲಾರೆ. ಹದಿನೇಳನೆಯ ವಯಸ್ಸಿನಿಂದ ಕಾಡಿದ ಅದೇ ಸ್ನಾಯುವನ್ನು ಹತೋಟಿಯಲ್ಲಿಟ್ಟುಕೊಂಡು ಅವರು ಮೂರು ಒಲಿಂಪಿಕ್ಸ್ ಗೆದ್ದರು. ಮೂವತ್ತೊಂದರ ಹೊಸ್ತಿಲಲ್ಲಿ ಅದು ಕೈಕೊಟ್ಟರೆ, ಅದರಿಂದ ಅವರ ಹಿರಿಮೆ ಒಂದಿಷ್ಟೂ ಕುಂದದು. ನೂರು ಮೀಟರಿನ ಕೊನೆಯ ಫೈನಲ್‌ನಲ್ಲಿ ಗೆದ್ದವರಿಗೂ ಅವರಿಗೂ ನಡುವೆ ಇದ್ದದ್ದು 0.03 ಸೆಕೆಂಡು.

ನಂತರದವರ ಬಗ್ಗೆ ಹೇಳುವುದಾದರೆ, ಬೋಲ್ಟ್ 2015ರಲ್ಲಿ ಗೆದ್ದ ಮೇಲೆ ಜಮೈಕಾದ ಪುರುಷರಿಗೆ 100 ಮೀಟರ್ ವಿಶ್ವ ಪ್ರಶಸ್ತಿ ಹತ್ತು ವರ್ಷ ಸಿಗಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಿಶೇನ್ ಥಾಂಪ್ಸನ್ ಅಮೆರಿಕದ ನೋವಾ ಲೈಲ್ಸ್ ಅವರೆದುರು ಸೆಕೆಂಡಿನ ಸಾವಿರ ಭಾಗಗಳಲ್ಲಿ ಐದು ಭಾಗದಷ್ಟರಲ್ಲಿ ಸೋತರು. ಅದೇ ಫೈನಲ್‌ನಲ್ಲಿ ಎಂಟನೆಯವರಾಗಿ, ಎಲ್ಲರಿಗಿಂತ ಕೊನೆಯಲ್ಲಿ ಬಂದವರು ಒಬ್ಲಿಕ್ ಸೆವಿಲ್. ಅದಕ್ಕೆ ಮೊದಲು 2022 ಮತ್ತು 2023ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಅವರು ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡಿದ್ದರು. ಅವರ ಕೋಚ್ ಗ್ಲೆನ್ ಮಿಲ್ಸ್. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ಸೆವಿಲ್ 9.77 ಸೆಕೆಂಡಿಗೆ ಓಡಿ, ಥಾಂಪ್ಸನ್ ಮತ್ತು ಲೈಲ್ಸ್ ಇಬ್ಬರನ್ನೂ ಹಿಂದೆ ಹಾಕಿ ವಿಶ್ವ ಚಾಂಪಿಯನ್ ಆದರು. ಬೋಲ್ಟ್ ಪ್ರೇಕ್ಷಕರ ನಡುವೆ ಕುಳಿತು ಆ ಓಟವನ್ನು ನೋಡಿದರು.